ಸರಪಳಿ ಹಿಡಿದ ಗಣಿತ

ಬೆಂಗಳೂರಿನಲ್ಲಿ ಮನೆ ಕಟ್ಟಿಸಿದವರಿಗೆಲ್ಲ ‘ಮೂವತ್ತು-ನಲವತ್ತು’ ಗೊತ್ತು. ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ನಿವೇಶನ. ಒಟ್ಟು 1,200 ಚದರ ಅಡಿ, ಮೇಸ್ತ್ರಿಗಳ ಬಾಯಲ್ಲಿ ಹನ್ನೆರಡು ಚದರ. ಅದರ ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪು ಎಳೆದರೆ ಸರಿಯಾಗಿ 50 ಅಡಿ ಬರಬೇಕು. ಉಳಿದೆರಡು ಮೂಲೆಗಳ ನಡುವೆ ಎಳೆದರೂ 50 ಅಡಿಯೇ ಬರಬೇಕು. ಒಂದು ಕಡೆ 49, ಇನ್ನೊಂದು ಕಡೆ 51ರ ಹತ್ತಿರ ಬಂತೆಂದರೆ ನಾಲ್ಕೂ ಬದಿಯ ಅಳತೆ ಸರಿಯಿದ್ದೂ ನಿವೇಶನ ಸೊಟ್ಟಗಿದೆ ಎಂದರ್ಥ.

ಪಾಯದ ಗುರುತು ಹಾಕುವ ಮೇಸ್ತ್ರಿಗೆ ಇದು ದಿನನಿತ್ಯದ ಕೆಲಸ. ಮೂಲೆಯಲ್ಲಿ ಗೂಟ ಹೊಡೆದು ಎರಡು ದಾರ ಕಟ್ಟುತ್ತಾನೆ. ಒಂದು ದಾರದ ಮೇಲೆ 3 ಅಡಿಗೆ ಗುರುತು, ಇನ್ನೊಂದರ ಮೇಲೆ 4 ಅಡಿಗೆ ಗುರುತು. ಎರಡು ಗುರುತುಗಳ ನಡುವೆ 5 ಅಡಿ ಬರುವ ತನಕ ಒಂದು ದಾರವನ್ನು ಅತ್ತಿತ್ತ ಸರಿಸುತ್ತಾನೆ. ಆಮೇಲೆ ಸುಣ್ಣದ ಪುಡಿ ಉದುರಿಸುತ್ತಾನೆ. ಹೈಸ್ಕೂಲಿನ ಮಕ್ಕಳು ಪೈಥಾಗೊರಸ್ ಪ್ರಮೇಯವನ್ನು ಸಾಧನೆ ಸಮೇತ ಬರೆಯಬಲ್ಲರು. ಆದರೆ ಶಾಲೆಯ ಅಂಗಳದಲ್ಲಿ ಒಂದು ನೇರ ಮೂಲೆ ಹಾಕಿಕೊಡಿ ಎಂದರೆ ಬಹುತೇಕರು ದಾರ ಹಿಡಿದು ಸುಮ್ಮನೆ ನಿಂತುಬಿಡುತ್ತಾರೆ. ತಪ್ಪು ಮಕ್ಕಳದಲ್ಲ. ಅವರಿಗೆ ಬರುವ ಪ್ರತಿ ಲೆಕ್ಕವೂ ‘ಆಯತಾಕಾರದ ಒಂದು ಹೊಲವಿದೆ’ ಎಂದೇ ಶುರುವಾಗುತ್ತದೆ. ಹೊಲ ಆಯತಾಕಾರದ್ದು ಎಂದು ಹೊರಗೆ ಯಾರೂ ಬಂದು ಹೇಳುವುದಿಲ್ಲ. ಅದನ್ನು ಕಂಡುಹಿಡಿಯುವುದೇ ಅಳತೆಯ ಮೊದಲ ಕೆಲಸ, ಶಾಲೆ ಕಲಿಸದೆ ಬಿಟ್ಟಿರುವುದೂ ಅದನ್ನೇ.

ಬಿಟ್ಟರೆ ಏನಾಗುತ್ತದೆ ನೋಡಿ. ನಾಲ್ಕೂ ಬದಿ 50 ಅಡಿ ಇರುವ ಒಂದು ಜಾಗ ಮಾರಾಟಕ್ಕಿದೆ. ‘ಐವತ್ತೈವತ್ತಲ ಎರಡೂವರೆ ಸಾವಿರ ಚದರ ಅಡಿ’ ಎನ್ನುತ್ತಾರೆ ಮಾರುವವರು. ಮೂಲೆಯಿಂದ ಮೂಲೆಗೆ ಎಳೆದರೆ ಒಂದು ಕರ್ಣ 60 ಅಡಿ, ಇನ್ನೊಂದು 80 ಅಡಿ. ಹಾಗಾದರೆ ಜಾಗ ಇರುವುದು 2,400 ಚದರ ಅಡಿ ಮಾತ್ರ. ಪೂರಾ ಒಂದು ಚದರದ ದುಡ್ಡು ಸುಮ್ಮನೆ ಹೋಯಿತು. ಅಂಕುಡೊಂಕಾದ ಜಾಗಕ್ಕೆ ಎದುರುಬದುರು ಬದಿಗಳ ಸರಾಸರಿ ತೆಗೆದು ಗುಣಿಸುವ ಪದ್ಧತಿಯೂ ಊರೂರಲ್ಲಿದೆ. ಜಾಗ ನೇರವಾದ ಆಯತವಾಗಿಲ್ಲದಿದ್ದರೆ ಆ ಲೆಕ್ಕ ಯಾವಾಗಲೂ ಇರುವುದಕ್ಕಿಂತ ಹೆಚ್ಚನ್ನೇ ತೋರಿಸುತ್ತದೆ; ಅಂದರೆ ಕೊಳ್ಳುವವರಿಗೇ ನಷ್ಟ.

ಈ ಸರಾಸರಿಯ ಲೆಕ್ಕ ಇವತ್ತಿನದಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಅದರ ಕ್ಷೇತ್ರಗಣಿತದ ಅಧ್ಯಾಯದಲ್ಲಿ ಇದೇ ಸೂತ್ರವಿದೆ. ಆದರೆ ಅವನು ಎಚ್ಚರದಿಂದ ಎರಡು ಪಂಕ್ತಿ ಮಾಡಿದ: ಕೆಲಸಕ್ಕೆ ಸಾಕಾಗುವಂಥದ್ದು ವ್ಯಾವಹಾರಿಕ ಫಲ, ಕರಾರುವಾಕ್ಕಾದದ್ದು ಸೂಕ್ಷ್ಮ ಫಲ. ವೃತ್ತದ ಸುತ್ತಳತೆಗೆ ವ್ಯಾಸವನ್ನು 3ರಿಂದ ಗುಣಿಸಿದರೆ ವ್ಯಾವಹಾರಿಕ, 10ರ ವರ್ಗಮೂಲದಿಂದ ಗುಣಿಸಿದರೆ ಸೂಕ್ಷ್ಮ. ಬಾವಿಕಟ್ಟೆಗೆ ಎಷ್ಟು ಕಲ್ಲು ಬೇಕೆಂದು ಅಂದಾಜು ಮಾಡಲು ಮೊದಲನೆಯದು ಸಾಕು; ಗಾಡಿಚಕ್ರಕ್ಕೆ ಪಟ್ಟಿ ಕತ್ತರಿಸುವವನಿಗೆ ಸಾಲದು. ಎಲ್ಲಿ ಎಷ್ಟು ನಿಖರತೆ ಬೇಕು ಎಂಬ ವಿವೇಕವನ್ನು ನಮ್ಮ ನೆಲದ ಗಣಿತಗ್ರಂಥವೊಂದು ಸಾವಿರದ ಇನ್ನೂರು ವರ್ಷಗಳ ಕೆಳಗೇ ಪಾಠದೊಳಗೆ ಇಟ್ಟಿತ್ತು. ಹನ್ನೆರಡನೆಯ ಶತಮಾನಕ್ಕೆ ಬಂದರೆ ರಾಜಾದಿತ್ಯ ‘ವ್ಯವಹಾರ ಗಣಿತ’, ‘ಕ್ಷೇತ್ರ ಗಣಿತ’ಗಳನ್ನು ಕನ್ನಡದಲ್ಲೇ ಬರೆದ. ಗಣಿತವನ್ನು ಕನ್ನಡದಲ್ಲಿ ಕಲಿಸುವುದು ಕಷ್ಟ ಎನ್ನುವವರು ಈ ಹೆಸರನ್ನು ನೆನಪಿಡಬೇಕು.

ಇನ್ನು ಸರ್ವೆಯವರ ಕಸುಬಿಗೆ ಬರೋಣ. ಶಾಲೆಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಬೇರೆ ಕಂಡಿಲ್ಲ. ಕೆಲವು ವರ್ಷಗಳ ಹಿಂದಿನವರೆಗೆ ಎಸ್ಸೆಸ್ಸೆಲ್ಸಿ ಗಣಿತ ಪತ್ರಿಕೆಯಲ್ಲಿ ಒಂದು ಪ್ರಶ್ನೆ ಬರುತ್ತಿತ್ತು: ಸರ್ವೆ ಪುಸ್ತಕದ ಟಿಪ್ಪಣಿ ಕೊಟ್ಟು, ಇಂತಿಷ್ಟು ಮೀಟರಿಗೆ 1 ಸೆಂ.ಮೀ. ಪ್ರಮಾಣದಲ್ಲಿ ನಕ್ಷೆ ರಚಿಸಿ ಎಂದು. ಗಣಿತಕ್ಕೆ ಹೆದರುವ ಹುಡುಗರೂ ಇದನ್ನು ಮಾತ್ರ ಬಿಡುತ್ತಿರಲಿಲ್ಲ. ರಾಜ್ಯ ಎನ್‌ಸಿಇಆರ್‌ಟಿ ಪಠ್ಯಕ್ಕೆ ಬದಲಾದ ಮೇಲೆ ಹತ್ತನೆಯ ತರಗತಿಯಿಂದ ಅದು ಮರೆಯಾಯಿತು. ಇರುವಾಗಲೂ ಅದು ಪೆನ್ಸಿಲು, ಸ್ಕೇಲಿನ ಲೆಕ್ಕವಾಗಿಯೇ ಉಳಿದಿತ್ತು. ಟಿಪ್ಪಣಿ ಹುಟ್ಟುವುದು ಎಲ್ಲಿ ಎಂದು ತೋರಿಸಲು ಮಕ್ಕಳನ್ನು ಬಯಲಿಗೆ ಕರೆದೊಯ್ದ ಮೇಷ್ಟ್ರು ಅಪರೂಪ.

ಆ ಟಿಪ್ಪಣಿಯನ್ನು ಓದುವುದು ಕೆಳಗಿನಿಂದ ಮೇಲಕ್ಕೆ. ಕಾರಣ ಸರಳ. ಅಳೆಯುವವನು ಪುಸ್ತಕ ಹಿಡಿದು ಮುಂದೆ ನಡೆಯುತ್ತಾನೆ. ಪುಟದ ಕೆಳತುದಿ ಅವನ ಕಾಲ ಬಳಿ, ಮೇಲ್ತುದಿ ಅವನು ಹೋಗುವ ದಿಕ್ಕಿಗೆ. ಆಗ ಹೊಲದ ಎಡ ಪುಟದಲ್ಲೂ ಎಡ, ಬಲ ಬಲವೇ. ಒಂದು ಹೊಲವನ್ನು ಅಳೆದೇ ನೋಡೋಣ. ಒಂದು ಬಾಂದು ಕಲ್ಲಿನಿಂದ ಎದುರಿನ ಬಾಂದು ಕಲ್ಲಿಗೆ ಆಧಾರರೇಖೆ ಎಳೆದರೆ 100 ಮೀಟರ್. ನಡೆಯುತ್ತ 20 ಮೀಟರಿಗೆ ಬಂದಾಗ ಎಡಗಡೆಯ ಮೂಲೆ ಲಂಬವಾಗಿ 20 ಮೀಟರ್ ದೂರದಲ್ಲಿದೆ. 40ಕ್ಕೆ ಬಂದಾಗ ಬಲಗಡೆಯ ಮೂಲೆ 30 ಮೀಟರ್. 70ಕ್ಕೆ ಬಂದಾಗ ಎಡಗಡೆಯ ಇನ್ನೊಂದು ಮೂಲೆ 40 ಮೀಟರ್. ಟಿಪ್ಪಣಿ ಇಷ್ಟೇ, ಆರೇಳು ಅಂಕಿ. ಐದು ಮೂಲೆಯ ಸೊಟ್ಟ ಹೊಲ ಅದರೊಳಗೆ ಸಿಕ್ಕಿಬಿತ್ತು.

ಬಲಗಡೆ ಒಂದೇ ತ್ರಿಭುಜ: 100ರ ಅರ್ಧವನ್ನು 30ರಿಂದ ಗುಣಿಸಿದರೆ 1,500 ಚದರ ಮೀಟರ್. ಎಡಗಡೆ ಮೊದಲು 200ರ ಒಂದು ತ್ರಿಭುಜ, ನಡುವೆ 1,500ರ ತ್ರಾಪಿಜ್ಯ, ಕೊನೆಗೆ 600ರ ಇನ್ನೊಂದು ತ್ರಿಭುಜ. ಎಲ್ಲ ಸೇರಿ 3,800. ಆದರೆ ಮನೆಯ ಪಹಣಿಯಲ್ಲಿ ಚದರ ಮೀಟರ್ ಇರುವುದಿಲ್ಲ, ಎಕರೆ-ಗುಂಟೆ ಇರುತ್ತದೆ. ಇಂಗ್ಲೆಂಡಿನ ಎಡ್ಮಂಡ್ ಗುಂಟರ್ 1620ರ ಸುಮಾರಿಗೆ ಬಳಕೆಗೆ ತಂದ ಸರಪಳಿ 66 ಅಡಿಯದು. ನಮ್ಮ ಸರ್ವೆಯವರದು ಅದರ ಅರ್ಧ, 33 ಅಡಿ. ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ಗುಂಟೆ, 1,089 ಚದರ ಅಡಿ. ಒಂದು ಸರಪಳಿ ಉದ್ದ, ಒಂದು ಆಣೆ ಅಗಲದ ಪಟ್ಟಿ ಗುಂಟೆಯ ಹದಿನಾರನೆಯ ಒಂದು ಪಾಲು; ವಿಸ್ತೀರ್ಣದ ಲೆಕ್ಕದಲ್ಲಿ ಅದಕ್ಕೂ ಆಣೆ ಎಂದೇ ಹೆಸರು. ನಲವತ್ತು ಗುಂಟೆ ಒಂದು ಎಕರೆ. ಗುಂಟೆಗೆ ಸುಮಾರು 101.17 ಚದರ ಮೀಟರಿನಂತೆ ಭಾಗಿಸಿದರೆ ನಮ್ಮ ಹೊಲ 37 ಗುಂಟೆ 9 ಆಣೆ. ಇಷ್ಟು ಬಿಡಿಸಿದ ಹುಡುಗಿ ಮನೆಗೆ ಹೋಗಿ ಪಹಣಿ ತೆಗೆದರೆ, ಅದರಲ್ಲಿರುವ ಅಂಕಿಗಳನ್ನು ಅಪ್ಪನಿಗೆ ತಾನೇ ಓದಿ ಹೇಳಬಲ್ಲಳು.

ಇದನ್ನು ಮಾಡಿಸಲು ಶಾಲೆಗೆ ಖರ್ಚೇನೂ ಇಲ್ಲ. ಹಿಗ್ಗದ ಹಗ್ಗವೊಂದನ್ನು 33 ಅಡಿಗೆ ಕತ್ತರಿಸಿ ಬಣ್ಣದಿಂದ ಹದಿನಾರು ಗುರುತು ಹಾಕಿದರೆ ಸರಪಳಿಯಾಯಿತು. ನೈಲಾನ್ ಹಗ್ಗ ಬೇಡ, ಎಳೆದರೆ ಉದ್ದವಾಗುತ್ತದೆ. ಚೌಕದ ಹಲಗೆಯ ಮೇಲೆ ಕೂಡಿಸುವ ಚಿಹ್ನೆಯ ಹಾಗೆ ಗರಗಸದಿಂದ ಎರಡು ಸೀಳು ಹಾಕಿ ಕೋಲಿನ ತುದಿಗೆ ಬಡಿದರೆ ಕ್ರಾಸ್ ಸ್ಟಾಫ್. ಒಂದು ಸೀಳಿನಲ್ಲಿ ಆಧಾರರೇಖೆಯ ಗೂಟ ಕಾಣಬೇಕು, ಅದೇ ಹೊತ್ತಿಗೆ ಇನ್ನೊಂದರಲ್ಲಿ ಹೊಲದ ಮೂಲೆ ಕಾಣಬೇಕು. ಹಾಗೆ ಕಾಣುವ ತನಕ ಹಿಂದೆ ಮುಂದೆ ಹೆಜ್ಜೆ ಹಾಕುತ್ತಿರಬೇಕು. ಲಂಬ ಎಂದರೆ ಏನೆಂದು ಮಗುವಿನ ಕಾಲಿಗೂ ಕಣ್ಣಿಗೂ ತಿಳಿಯುವುದು ಆ ನಾಲ್ಕಾರು ಹೆಜ್ಜೆಗಳಲ್ಲಿ. ಮಲೆನಾಡಿನ ಶಾಲೆಯಾದರೆ ಇನ್ನೊಂದು ಪಾಠವೂ ಸಿಗುತ್ತದೆ: ಇಳಿಜಾರಿನಲ್ಲಿ ಹಗ್ಗವನ್ನು ನೆಲಕ್ಕೆ ಅಂಟಿಸಿ ಎಳೆಯಬಾರದು, ಸಮತಟ್ಟಾಗಿ ಹಿಡಿದು ತೂಗುಗುಂಡು ಇಳಿಬಿಟ್ಟು ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ದಾಖಲೆಯಲ್ಲಿ ಬರೆಯುವ ವಿಸ್ತೀರ್ಣ ಸಮತಟ್ಟಿನದು.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಮೆಟ್ರಿಕ್ ಮೇಳ ನಡೆಯುತ್ತದೆ. ಮಕ್ಕಳು ಸೊಪ್ಪು, ತರಕಾರಿ, ಚುರುಮುರಿ ಮಾರಿ ಕಿಲೋ, ಲೀಟರು, ಚಿಲ್ಲರೆಯ ಲೆಕ್ಕವನ್ನು ಸಂತೆಯ ಗದ್ದಲದಲ್ಲೇ ಕಲಿಯುತ್ತಾರೆ. ಬಹಳ ಒಳ್ಳೆಯ ಪ್ರಯೋಗ, ಮುಂದುವರಿಯಲೇಬೇಕು. ತೂಕಕ್ಕೆ ಸಿಕ್ಕ ಈ ಭಾಗ್ಯ ಉದ್ದಕ್ಕೂ ಮೂಲೆಗೂ ವಿಸ್ತೀರ್ಣಕ್ಕೂ ಯಾಕೆ ಸಿಗಬಾರದು? ಐಟಿಐಗೆ ಸೇರಿದ ಫಿಟ್ಟರ್ ವಿದ್ಯಾರ್ಥಿ ಮೊದಲ ವಾರಗಳಲ್ಲೇ ಕಬ್ಬಿಣದ ತುಂಡಿಗೆ ಅರ ಹಾಕಿ, ಟ್ರೈ ಸ್ಕ್ವೇರ್ ಒತ್ತಿ, ಬೆಳಕಿಗೆ ಹಿಡಿದು ನೋಡುತ್ತಾನೆ. ಸಂದಿಯಲ್ಲಿ ಬೆಳಕು ನುಸುಳಿತೆಂದರೆ ಮೂಲೆ ಇನ್ನೂ ಕೂಡಿಲ್ಲ, ಮತ್ತೆ ಅರ. ಮೂಲೆ ಕೂಡಿಸುವುದನ್ನು ಹದಿಮೂರನೆಯ ವಯಸ್ಸಿನಲ್ಲೇ ಅಂಗಳದಲ್ಲಿ ಹಗ್ಗ ಹಿಡಿದು ಕಲಿತವನಿಗೆ ಈ ಕಸುಬು ಬೇಗ ಹತ್ತುತ್ತದೆ.

ಸರ್ವೆ ಇಲಾಖೆ ಈಗ ಸರಪಳಿ ಬಿಟ್ಟು ಟೋಟಲ್ ಸ್ಟೇಷನ್, ರೋವರ್‌ಗಳತ್ತ ಹೋಗಿದೆ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆಜಾಗಗಳನ್ನು ಡ್ರೋನ್ ಹಾರಿಸಿ ಅಳೆಯುತ್ತಾರೆ. ಯಂತ್ರ ಬಂದಷ್ಟೂ ಅದು ಕೊಟ್ಟ ನಕ್ಷೆಯನ್ನು ಓದಬಲ್ಲವರು ಮನೆಯಲ್ಲಿ ಇರಬೇಕಾಗುತ್ತದೆ. ಅಣ್ಣತಮ್ಮಂದಿರು ಪಾಲಾಗುವಾಗ, ಜಮೀನಿನ ಒಂದು ಭಾಗ ಮಾರುವಾಗ ಸರ್ವೆ ಇಲಾಖೆಯ 11ಇ ನಕ್ಷೆ ಬೇಕು. ಅದರ ಮೇಲಿನ ಗೆರೆ ಎಲ್ಲಿ ಹೋಗಿದೆ, ಬಾವಿ ಯಾರ ಪಾಲಿಗೆ ಬಂತು, ದಾರಿ ಬಿಟ್ಟಿದ್ದಾರೋ ಇಲ್ಲವೋ ಎಂದು ನೋಡದೆ ರುಜು ಹಾಕಿದವರ ಎಷ್ಟೋ ವ್ಯಾಜ್ಯಗಳು ಕೋರ್ಟಿನಲ್ಲಿ ಕೊಳೆಯುತ್ತಿವೆ. ತಾಲ್ಲೂಕಿನ ಸರ್ವೆ ಕಚೇರಿಗೆ ಅರ್ಜಿ ಹಾಕಿದರೆ ಸರ್ವೆ ನಂಬರಿನ ಟಿಪ್ಪಣಿಯ ನಕಲು ಸಿಗುತ್ತದೆ. ಊರಿನದೇ ಒಂದು ಹೊಲದ ಟಿಪ್ಪಣಿಯನ್ನು ಎಂಟು-ಒಂಬತ್ತನೆಯ ತರಗತಿಯ ಗೋಡೆಗೆ ಅಂಟಿಸಿ, ದಸರಾ ರಜೆ ಮುಗಿದ ಮೇಲೆ ಒಂದು ಶನಿವಾರ ಆಟದ ಮೈದಾನವನ್ನು, ಸುಗ್ಗಿ ಮುಗಿದು ಹೊಲ ಖಾಲಿಯಾದ ಮೇಲೆ ಆ ಹೊಲವನ್ನೇ ಮಕ್ಕಳ ಕೈಲಿ ಅಳೆಸಬಹುದು. ಬೇಕಾಗುವುದು ಒಂದು ಹಗ್ಗ, ನಾಲ್ಕು ಗೂಟ, ಹೊಲದವರ ಒಪ್ಪಿಗೆ ಮತ್ತು ಬಿಸಿಲಿಗೆ ಬರಲು ಸಿದ್ಧರಿರುವ ಒಬ್ಬ ಮೇಷ್ಟ್ರು.