ಬಿಸಿ ಕಾಯುವ ಕಂಬಳಿ

ಮಾಗಿ ಕಾಲಿಟ್ಟಿತೆಂದರೆ ಚಿತ್ರದುರ್ಗದ ಕಡೆಯ ಮನೆಗಳಲ್ಲಿ ಅಟ್ಟದಿಂದ ಮೊದಲು ಕೆಳಗಿಳಿಯುವುದು ಕಂಬಳಿ. ಮಡಿಕೆ ಬಿಚ್ಚಿ ಕೊಡವಿದರೆ ಹೋದ ವರ್ಷ ಇಟ್ಟಿದ್ದ ಬೇವಿನ ಎಲೆ ಪುಡಿಪುಡಿಯಾಗಿ ಉದುರುತ್ತದೆ. ಹೊಸ ಕಂಬಳಿಯಾದರೆ ಕುರಿಯ ವಾಸನೆಯ ಜೊತೆಗೆ ಹುಣಸೆಬೀಜದ ಸರಿಯ ವಾಸನೆಯೂ ಮೂಗಿಗೆ ಬಡಿಯುತ್ತದೆ. ಅಂಚು ರಟ್ಟಿನ ಹಾಗೆ ಸೆಟೆದಿರುತ್ತದೆ. ಚುಚ್ಚುತ್ತದೆ ಎಂದು ಮಕ್ಕಳು ಗೊಣಗುತ್ತವೆ. ಒಳಗೊಂದು ಹಳೆಯ ಹತ್ತಿ ಸೀರೆ ಸೇರಿಸಿ ಹೊದಿಸಿದರೆ ಸಾಕು, ಗೊಣಗಾಟ ನಿಂತು ನಿದ್ದೆ ಬಂದಿರುತ್ತದೆ.

ಬಯಲುಸೀಮೆಯಲ್ಲಿ ಎಂಥ ಚಳಿ ಎಂದು ಕೇಳುವವರಿದ್ದಾರೆ. ಚಿತ್ರದುರ್ಗ ಸಮುದ್ರಮಟ್ಟದಿಂದ ಏಳುನೂರು ಮೀಟರಿಗೂ ಹೆಚ್ಚಿನ ಎತ್ತರದಲ್ಲಿದೆ. ಮಳೆ ಕಡಿಮೆ, ಗಾಳಿ ಒಣ, ಆಕಾಶ ಶುಭ್ರ. ಮೋಡದ ಹೊದಿಕೆ ಇಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ. ಹಗಲು ಬೆವರು ಬರಿಸಿದ ಊರೇ ಡಿಸೆಂಬರ್, ಜನವರಿಯ ಕೆಲವು ದಿನ ಬೆಳಗಿನ ಜಾವ 15 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಜೋಗಿಮಟ್ಟಿ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿಯೇ ಕಿಟಕಿ ಸಂದಿಯಿಂದ ಮಲಗುವ ಕೋಣೆಗೂ ನುಗ್ಗುತ್ತದೆ.

ಹಿಂದಿನವರು ಇದಕ್ಕೆ ಕಂಡುಕೊಂಡ ಮೊದಲ ಉಪಾಯ ಮಾಳಿಗೆ ಮನೆ. ದಪ್ಪ ಮಣ್ಣಿನ ಗೋಡೆ, ತೊಲೆ ಜಂತೆಗಳ ಮೇಲೆ ಸೊಪ್ಪು ಹಾಸಿ ಕರಲು ಮಣ್ಣು ಹೊದಿಸಿದ ಮಾಳಿಗೆ, ಬೆಳಕಿಗೊಂದು ಗವಾಕ್ಷಿ. ಹಗಲು ಹೀರಿದ ಬಿಸಿಯನ್ನು ಆ ಮಣ್ಣು ರಾತ್ರಿಯೆಲ್ಲ ನಿಧಾನವಾಗಿ ಬಿಡುತ್ತಿತ್ತು. ಈಗ ಹಿರಿಯೂರು, ಹೊಳಲ್ಕೆರೆಯ ಹಳ್ಳಿಗಳಲ್ಲೂ ತಾರಸಿ ಮನೆ, ತಗಡಿನ ಮನೆ ಬಂದಿವೆ. ತಗಡು ಹೊತ್ತು ಮುಳುಗುತ್ತಲೇ ತಣ್ಣಗಾಗುತ್ತದೆ. ಉಳಿದ ಎರಡನೆಯ ಉಪಾಯವೇ ಕಂಬಳಿ.

ಅದು ಹುಟ್ಟಿದ್ದು ಮಾತ್ರ ಮನೆಯೊಳಗಲ್ಲ, ಗೋಡೆಯೇ ಇಲ್ಲದ ಕಡೆ. ತಿಂಗಳುಗಟ್ಟಲೆ ಮಂದೆಯ ಹಿಂದೆ ಅಲೆಯುವ ಕುರಿಗಾಹಿಗೆ ಬಯಲೇ ಮಲಗುವ ಕೋಣೆ. ರಾತ್ರಿ ಹಾಸಿಗೆ, ಹೊದಿಕೆ. ಮಳೆ ಬಂದರೆ ಕೊಪ್ಪೆ. ಬಿಸಿಲಿಗೆ ಕೋಲಿಗೆ ಕಟ್ಟಿದ ನೆರಳು. ಎಲ್ಲಕ್ಕೂ ಒಂದೇ ಬಟ್ಟೆ ಬೇಕಿತ್ತು. ಆ ಬಟ್ಟೆಯ ನೂಲು ಅವನ ಮುಂದೆಯೇ ಮೇಯುತ್ತಿತ್ತು.

ಮೇಯಲು ಹುಲ್ಲುಗಾವಲೂ ಇತ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರ (1673–1704) ಕಾಲದ ಬೆಣ್ಣೆ ಚಾವಡಿಯನ್ನು, ಅಂದರೆ ಅರಮನೆಯ ದನಗಳ ಇಲಾಖೆಯನ್ನು, ಟಿಪ್ಪು ಅಮೃತಮಹಲ್ ಎಂದು ಕರೆದ. ಆ ದನಗಳಿಗೆಂದು ಕಾದಿಟ್ಟ ಕಾವಲುಗಳು ಚಿತ್ರದುರ್ಗ ಸೀಮೆಯಲ್ಲೂ ಹರಡಿಕೊಂಡಿದ್ದವು. ಕಾಲ ಕಳೆದಂತೆ ಸುತ್ತಲಿನ ಹಳ್ಳಿಗಳ ಕುರಿಗಳಿಗೂ ಅವೇ ಆಸರೆಯಾದವು. ಮಳೆ ಕಡಿಮೆಯ ಚಳ್ಳಕೆರೆ ಕಂಬಳಿಗೆ ಹೆಸರಾದದ್ದು ಈ ಹುಲ್ಲಿನ ಬಲದಿಂದ.

ಕಂಬಳಿಯ ಕೆಲಸ ಕತ್ತರಿಯಿಂದ ಶುರು. ವರ್ಷಕ್ಕೆ ಎರಡು ಸಲ ಕುರಿಗಳನ್ನು ತೊಳೆದು ಉಣ್ಣೆ ಕತ್ತರಿಸುತ್ತಾರೆ. ಕುರಿಯ ಕಪ್ಪೇ ಕಂಬಳಿಯ ಕಪ್ಪು; ಬಣ್ಣ ಹಾಕುವ ಗೊಡವೆಯಿಲ್ಲ. ಉಣ್ಣೆ ಹಿಂಜಿ, ರಾಟೆಯಲ್ಲಿ ನೂಲು ತೆಗೆಯುವವರು ಹೆಚ್ಚಾಗಿ ಹೆಂಗಸರು. ಹಾಸಿನ ಎಳೆಗಳನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಹುಣಸೆಬೀಜ ಅರೆದು ಬೇಯಿಸಿದ ಸರಿಯನ್ನು ಕುಂಚದಿಂದ ಬಳಿಯುತ್ತಾರೆ. ಬಿಸಿಲಿಗೆ ಒಣಗಿದ ಮೇಲೆ ಎಳೆ ಗಟ್ಟಿಯಾಗುತ್ತದೆ, ಮಗ್ಗದ ಪೆಟ್ಟಿಗೆ ಹರಿಯುವುದಿಲ್ಲ. ಆಮೇಲೆ ನೇಕಾರ ಗುಂಡಿಯಲ್ಲಿ ಕಾಲಿಳಿಬಿಟ್ಟು ಕುಳಿತು ಹೊಕ್ಕಿನ ಲಾಳಿ ಓಡಿಸುತ್ತಾನೆ. ‘ಹಾಸುಹೊಕ್ಕು’ ಎಂದು ನಾವು ದಿನಾ ಆಡುವ ಮಾತು ಇಂಥ ಮಗ್ಗದ ಮೇಲಿನದು.

ಇಷ್ಟಾದರೂ ಕಂಬಳಿಯಲ್ಲಿ ಬಿಸಿ ಹುಟ್ಟುವ ಒಲೆಯೇನಿಲ್ಲ. ಉಣ್ಣೆಯ ಎಳೆ ಸುರುಳಿ ಸುರುಳಿಯಾಗಿರುತ್ತದೆ. ಆ ಸುರುಳಿಗಳ ನಡುವೆ ಗಾಳಿ ಸಿಕ್ಕಿಕೊಂಡು ಅಲುಗದೆ ನಿಲ್ಲುತ್ತದೆ. ನಿಂತ ಗಾಳಿ ಬಿಸಿಯನ್ನು ಸುಲಭವಾಗಿ ದಾಟಗೊಡುವುದಿಲ್ಲ. ನಮ್ಮ ಒರಟು ಉಣ್ಣೆಯ ಅನೇಕ ಎಳೆಗಳ ಒಳಗೂ ಟೊಳ್ಳಿರುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಶೇ 30ರಷ್ಟು ತೇವ ಹೀರಿಯೂ ಒದ್ದೆ ಎನಿಸುವುದಿಲ್ಲ. ಹೀರುವಾಗ ತುಸು ಬಿಸಿಯನ್ನೂ ಬಿಡುತ್ತದೆ. ಇಬ್ಬನಿಯಲ್ಲಿ ಮಲಗುವವನಿಗೆ ಇದಕ್ಕಿಂತ ಬೇರೆ ಏನು ಬೇಕು?

ಕನ್ನಡದಲ್ಲಿ ‘ಕಾಯು’ ಎಂದರೆ ಬಿಸಿಯಾಗು. ‘ಕಾಯು’ ಎಂದರೆ ಕಾಪಾಡು. ಕುರಿ ಕಾಯುವವನ ಕಂಬಳಿ ಮಾಡುವುದು ಎರಡನೆಯ ಕೆಲಸ. ಮೈಯಲ್ಲಿರುವ ಬಿಸಿಯನ್ನು ಅದು ಕಾಯುತ್ತದೆ.

ಹಿಮದ ನಾಡಿನವರು ಹಿಡಿದದ್ದು ಮೊದಲನೆಯ ದಾರಿ, ಕೋಣೆಯನ್ನೇ ಕಾಯಿಸುವುದು. 1850ರ ದಶಕದಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಫ್ರಾಂಜ್ ಸಾನ್ ಗಾಲಿ ರೂಪಿಸಿದ, ಒಳಗೆ ಬಿಸಿನೀರು ಹರಿಯುವ ರೇಡಿಯೇಟರ್ ಈಗ ಯುರೋಪಿನ ಮನೆಮನೆಯಲ್ಲಿದೆ. ಓದಲು, ದುಡಿಯಲು ಹೋದ ನಮ್ಮ ಮಕ್ಕಳು ಅದರ ಪಕ್ಕದಲ್ಲೇ ಮಲಗುತ್ತಾರೆ. ಕೋಣೆ ಬೆಚ್ಚಗಾಗದಿದ್ದರೆ ಅವರು ಮೊದಲು ನೋಡಬೇಕಾದದ್ದು, ಮೇಲ್ಭಾಗ ತಣ್ಣಗಿದ್ದು ಕೆಳಗೆ ಮಾತ್ರ ಬಿಸಿಯಿದೆಯೇ ಎಂದು. ಹಾಗಿದ್ದರೆ ಒಳಗೆ ಗಾಳಿ ಸೇರಿರುತ್ತದೆ. ಬಿಸಿ ಬರುವುದನ್ನು ನಿಲ್ಲಿಸಿ, ತಣಿದ ಮೇಲೆ ರೇಡಿಯೇಟರಿನ ಕೀಲಿಯಿಂದ ಆ ಗಾಳಿಯನ್ನು ಹೊರಬಿಡಬೇಕು. ಮಂಚ, ಪರದೆ ರೇಡಿಯೇಟರಿಗೆ ಅಡ್ಡವಿರಬಾರದು. ಕಂಬಳಿಯೊಳಗೆ ಗಾಳಿ ನಿಲ್ಲಬೇಕು, ರೇಡಿಯೇಟರ್ ಸುತ್ತ ಗಾಳಿ ಹರಿಯಬೇಕು. ಎರಡೂ ಕಡೆ ಗಾಳಿಯ ಗುಣ ತಿಳಿದವನೇ ಬೆಚ್ಚಗಿರುತ್ತಾನೆ.

ನಮ್ಮಲ್ಲಿ ಕೋಣೆ ಕಾಯಿಸಲು ಕೆಲವರು ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ ಬಾಗಿಲು ಹಾಕಿಕೊಳ್ಳುತ್ತಾರೆ. ದಯವಿಟ್ಟು ಬೇಡ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಮಲಗಿದವರು ಏಳದೆಯೇ ಹೋಗಬಹುದು. ಅದರ ಬದಲು ಒಂದು ಕಂಬಳಿ ಹೊದ್ದು, ಇನ್ನೊಂದನ್ನು ಕೆಳಗೆ ಹಾಸಿಕೊಳ್ಳಿ. ಮೇಲಿನಷ್ಟೇ ಚಳಿ ನೆಲದಿಂದಲೂ ಏರುತ್ತದೆ.

ಆದರೆ ಕೊಳ್ಳುವವರಿದ್ದರೆ ತಾನೆ ನೇಯುವವರು? ಈಗ ಕುರಿಗೆ ಬೆಲೆ ಮಾಂಸದಿಂದ. ಅಂಗಡಿಯಲ್ಲಿ ಮೆತ್ತನೆಯ ಮಿಂಕ್ ಹೊದಿಕೆ ಕೈಗೆಟುಕುತ್ತದೆ. ಚಳ್ಳಕೆರೆಯ ಕಾವಲಿನ ಸಾವಿರಾರು ಎಕರೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳ ಪಾಲಾಗಿದೆ. ಮೇವಿನ ನೆಲ ಹೋಯಿತೆಂದು ಜನ ಹೂಡಿದ ದಾವೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ 2014ರಲ್ಲಿ ತೀರ್ಪು ಬಂತು. ಹುಲ್ಲು ಹೋದರೆ ಕುರಿ, ಕುರಿ ಹೋದರೆ ರಾಟೆ, ರಾಟೆ ಹೋದರೆ ಮಗ್ಗ. ಸಭೆಗಳಲ್ಲಿ ಗಣ್ಯರ ಹೆಗಲಿಗೆ ಕರಿ ಕಂಬಳಿ ಹೊದಿಸಿ ಸನ್ಮಾನಿಸುತ್ತೇವೆ, ಒಳ್ಳೆಯದೇ. ಅದೇ ಕಂಬಳಿ ನಮ್ಮ ಹಾಸಿಗೆಗೂ ಬಂದರೆ ನೂತ ಕೈಗೆ ಕೂಲಿ ಸಿಗುತ್ತದೆ.

ಹೊಸದುರ್ಗದ ತೆಂಗಿನ ತೋಟಗಳಲ್ಲಿ, ಹೊಳಲ್ಕೆರೆಯ ಅಡಕೆ ತೋಟಗಳ ಬದಿಯಲ್ಲಿ ಗೊಬ್ಬರಕ್ಕೆಂದು ಈಗಲೂ ರಾತ್ರಿ ಮಂದೆ ನಿಲ್ಲಿಸುತ್ತಾರೆ. ನಸುಕಿನಲ್ಲಿ ಆ ದಾರಿಯಲ್ಲಿ ಹೋದರೆ ಕುರಿಗಳ ಪಕ್ಕ ತಲೆತನಕ ಮುಚ್ಚಿ ಮಲಗಿದವನೊಬ್ಬ ಕಾಣುತ್ತಾನೆ. ಎದ್ದವನೇ ಕಂಬಳಿ ಹಿಡಿದು ಒಮ್ಮೆ ಬಲವಾಗಿ ಒದರುತ್ತಾನೆ. ರಾತ್ರಿಯಿಡೀ ಬಿದ್ದ ಇಬ್ಬನಿ ಹನಿಹನಿಯಾಗಿ ಹುಲ್ಲಿಗೆ ಸಿಡಿಯುತ್ತದೆ. ಒಳಮಗ್ಗಲು ಮುಟ್ಟಿ ನೋಡಿದರೆ ಇನ್ನೂ ಬೆಚ್ಚಗೆ.