ಹಾರುವ ಪಟ್ಟೆಕುದುರೆ

ಮೈತುಂಬ ಕಪ್ಪು ಬಿಳಿ ಪಟ್ಟೆಗಳನ್ನು ಹೊತ್ತ ಝೀಬ್ರಾ ಎಂಬ ಕಾಡುಕುದುರೆಯನ್ನು ಮೃಗಾಲಯದಲ್ಲಾಗಲಿ ಚಿತ್ರದಲ್ಲಾಗಲಿ ನೋಡದವರು ವಿರಳ. ಆದರೆ ಅಂಥದೊಂದು ಪಟ್ಟೆಕುದುರೆಗೆ ರೆಕ್ಕೆಗಳು ಮೂಡಿ, ಅದು ಆಕಾಶಮಾರ್ಗವಾಗಿ ಯೂರೋಪಿನಿಂದ ಆಫ್ರಿಕಾ ಖಂಡಕ್ಕೆ ಹಾರಿಹೋಯಿತೆಂದರೆ ಯಾರು ತಾನೆ ನಂಬಿಯಾರು? ಆದರೂ 1957ನೆಯ ಇಸವಿಯ ಡಿಸೆಂಬರ್ ತಿಂಗಳಿನಲ್ಲಿ ಇದು ನಡೆದುದು ನಿಜ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ತಂದೆಮಕ್ಕಳಿಬ್ಬರು ಒಂದು ಪುಟ್ಟ ವಿಮಾನಕ್ಕೆ ಝೀಬ್ರಾದ ಪಟ್ಟೆಗಳನ್ನು ಬಳಿಸಿ, ಅದನ್ನು ತಾವೇ ನಡೆಸಿಕೊಂಡು, ಸಾವಿರಾರು ಮೈಲಿ ದೂರದ ಟಾಂಗಾನಿಕಾಕ್ಕೆ ಹೊರಟರು. ಜೊತೆಯಲ್ಲಿ ಚಲಚ್ಚಿತ್ರದ ಕ್ಯಾಮರಾ ಇದ್ದಿತು. ಸರಕಾರದ ನಿಯಮದಂತೆ ವಿಮಾನದ ಮೈಮೇಲೆ ಬರೆದಿದ್ದ ಗುರುತಿನ ಅಕ್ಷರಗಳಲ್ಲಿ ಕೊನೆಯ ನಾಲ್ಕನ್ನು ಕೂಡಿಸಿ ಓದಿದರೆ ಜರ್ಮನ್ ಭಾಷೆಯಲ್ಲಿ 'ಬಾತುಕೋಳಿ' ಎಂಬ ಅರ್ಥ ಬರುತ್ತಿದ್ದಿತು. ಹೆಸರು ಬಾತುವಿನದು, ವೇಷ ಕುದುರೆಯದು, ಮಾಡಬೇಕಾದ ಕೆಲಸವೋ ಹದ್ದಿನದು!

ತಂದೆಯ ಹೆಸರು ಡಾಕ್ಟರ್ ಬರ್ನ್‌ಹಾರ್ಡ್ ಗ್ಜಿಮೆಕ್. ಪಶುವೈದ್ಯಶಾಸ್ತ್ರವನ್ನು ಓದಿದವನು, ಯುದ್ಧದಲ್ಲಿ ಬಾಂಬಿನ ಪೆಟ್ಟಿಗೆ ಸಿಕ್ಕಿ ಹಾಳಾಗಿದ್ದ ಫ್ರಾಂಕ್‌ಫರ್ಟಿನ ಮೃಗಾಲಯವನ್ನು 1945ರಲ್ಲಿ ವಹಿಸಿಕೊಂಡು ಮತ್ತೆ ಕಟ್ಟಿ ನಿಲ್ಲಿಸಿದವನು. ಮಗ ಮೈಕೇಲನಿಗೆ ಆಗ ಇಪ್ಪತ್ತಮೂರು ವರ್ಷ. ಇಬ್ಬರೂ ವೃತ್ತಿಯಿಂದ ವಿಮಾನಚಾಲಕರಲ್ಲ. ಈ ಕಾರ್ಯಕ್ಕೆಂದೇ ಹಾರಾಟವನ್ನು ಕಲಿತು, ಖಾಸಗಿ ಚಾಲಕರಿಗೆ ಕೊಡುವ ಪರವಾನಗಿಯನ್ನು ಪಡೆದವರು. ಐವತ್ತರ ಹೊಸ್ತಿಲಲ್ಲಿ ನಿಂತ ತಂದೆ, ಮಗನ ಜೊತೆ ಹೊಸ ವಿದ್ಯೆಗೆ ಕೈಹಾಕಿದುದು ಸಾಮಾನ್ಯವಾದ ಸಾಹಸವಲ್ಲ.

ಇಷ್ಟೆಲ್ಲ ಪ್ರಯಾಸವೇಕೆ? ಟಾಂಗಾನಿಕಾ ಆಗ ವಿಶ್ವಸಂಸ್ಥೆಯ ಪರವಾಗಿ ಬ್ರಿಟಿಷರ ಆಡಳಿತದಲ್ಲಿದ್ದಿತು. ಅಲ್ಲಿ 1951ರಲ್ಲಿ ಸೆರೆಂಗೆಟಿ ಎಂಬ ರಾಷ್ಟ್ರೀಯ ಉದ್ಯಾನವೊಂದು ಏರ್ಪಟ್ಟಿದ್ದಿತು. ಉದ್ಯಾನವೆಂದೊಡನೆ ಹೂಗಿಡಗಳ ಕೈತೋಟವನ್ನು ಕಲ್ಪಿಸಿಕೊಳ್ಳಬಾರದು. ಕಣ್ಣು ಹಾಯುವಷ್ಟು ದೂರವೂ ಹುಲ್ಲು, ಹುಲ್ಲಿನ ಮೇಲೆ ಲೆಕ್ಕವಿಲ್ಲದ ಮೃಗಗಳು. ಅದೇ ನೆಲದಲ್ಲಿ ತಲೆತಲಾಂತರದಿಂದ ದನ ಮೇಯಿಸಿಕೊಂಡು ಬಂದ ಮಸಾಯಿ ಎಂಬ ಜನರೂ ಇದ್ದರು. ಮೃಗಗಳಿಗೂ ದನಗಳಿಗೂ ಹುಲ್ಲು ನೀರಿನ ವ್ಯಾಜ್ಯ ಬೆಳೆದಾಗ, ಉದ್ಯಾನದ ಪೂರ್ವಭಾಗವನ್ನೂ ಅಲ್ಲಿಯ ಎಂಗೊರೊಂಗೊರೊ ಎಂಬ ಮಹಾ ಜ್ವಾಲಾಮುಖಿಯ ಕುಂಡವನ್ನೂ ಬೇರ್ಪಡಿಸಿಬಿಡಬೇಕೆಂದು ಆಡಳಿತಗಾರರು ಆಲೋಚಿಸಿದರು. ನಕ್ಷೆಯ ಮೇಲೆ ಒಂದು ಹೊಸ ಗೆರೆ ಎಳೆಯಬೇಕು, ಅಷ್ಟೆ. ಆದರೆ ಮೃಗಗಳು ಯಾವ ತಿಂಗಳು ಎಲ್ಲಿರುತ್ತವೆ, ಅವು ಒಟ್ಟು ಎಷ್ಟಿವೆ ಎಂಬುದನ್ನು ತಿಳಿದವರು ಒಬ್ಬರೂ ಇರಲಿಲ್ಲ. ಹತ್ತು ಲಕ್ಷಕ್ಕೂ ಮೀರಿ ಇವೆಯೆಂಬುದು ಒಂದು ಊಹೆ, ಅಷ್ಟರಮಟ್ಟಿಗೆ.

ತಂದೆಮಕ್ಕಳು ಇದಕ್ಕೆ ಮೊದಲೇ ಕಾಂಗೋ ಕಾಡಿನಲ್ಲಿ ಒಂದು ಚಿತ್ರ ತೆಗೆದು 1956ರ ಬರ್ಲಿನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗಳಿಸಿದ್ದರು. ಅದರಿಂದ ಬಂದ ಹಣದಲ್ಲಿ ನೆಲವನ್ನು ಕೊಂಡು ಉದ್ಯಾನಕ್ಕೆ ಸೇರಿಸಲು ಮುಂದಾದರು. ಅದಕ್ಕಿಂತ ಮೃಗಗಳನ್ನು ಎಣಿಸಿ, ಅವುಗಳ ದಾರಿಯನ್ನು ಕಂಡುಹಿಡಿದು ಕೊಟ್ಟರೆ ಹೆಚ್ಚಿನ ಉಪಕಾರವಾದೀತೆಂಬ ಉತ್ತರ ಅಲ್ಲಿಯ ಉದ್ಯಾನಗಳ ಅಧಿಕಾರಿಯಿಂದ ಬಂದಿತು. ವಿಮಾನದ ಯೋಚನೆ ಹುಟ್ಟಿದುದು ಹೀಗೆ.

ಅವರು ಆರಿಸಿಕೊಂಡುದು ಡೋರ್ನಿಯರ್ 27 ಎಂಬ ವಿಮಾನ. ಯುದ್ಧದ ತರುವಾಯ ಜರ್ಮನರಿಗೆ ವಿಮಾನ ಕಟ್ಟುವುದೇ ನಿಷಿದ್ಧವಾಗಿದ್ದಿತು. ಆ ನಿಷೇಧ ತೊಲಗಿದ ಮೇಲೆ ಪಶ್ಚಿಮ ಜರ್ಮನಿ ದೊಡ್ಡ ಸಂಖ್ಯೆಯಲ್ಲಿ ತಯಾರಿಸಿದ ಮೊದಲನೆಯ ವಿಮಾನ ಇದು. ಒಂದೇ ಎಂಜಿನ್ನು. ಏರಲು ಇಳಿಯಲು ಇನ್ನೂರು ಮೀಟರಿನಷ್ಟು ಸಮತಟ್ಟಾದ ನೆಲ ಸಿಕ್ಕರೆ ಸಾಕು; ಸಿಮೆಂಟಿನ ಓಡುದಾರಿ ಬೇಡ. ಎಲ್ಲಕ್ಕಿಂತ ಮುಖ್ಯವಾದುದು, ಇದರ ರೆಕ್ಕೆಗಳು ಕುಳಿತವರ ತಲೆಯ ಮೇಲಕ್ಕಿವೆ. ರೆಕ್ಕೆ ಕೆಳಗಿದ್ದರೆ ನೋಡಬೇಕಾದ ನೆಲವನ್ನು ಅದೇ ಮುಚ್ಚಿಬಿಡುತ್ತದೆ. ಇದರಲ್ಲಿಯಾದರೋ ಅಗಲವಾದ ಗಾಜಿನ ಕಿಟಕಿಯಿಂದ ಕೆಳಗಿನ ಬಯಲೆಲ್ಲ ಕಣ್ಣಿಗೆ ಬೀಳುತ್ತದೆ.

ಹಾರುವ ವಿಮಾನದಿಂದ ಚಲಚ್ಚಿತ್ರ ತೆಗೆಯುವುದು ಕೇಳಲು ಸುಲಭ. ಮಾಡಹೊರಟವರ ಪಾಡು ಬೇರೆ. ಎಂಜಿನ್ನಿನ ನಡುಕ ಕ್ಯಾಮರಾಕ್ಕೂ ಇಳಿದು, ತೆರೆಯ ಮೇಲೆ ಇಡೀ ಕಾಡೇ ಚಳಿಜ್ವರ ಬಂದಂತೆ ಅದುರುತ್ತದೆ. ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರಗಳಿಗೆ ಬದಲಾಗಿ ಇನ್ನೂ ಹೆಚ್ಚು ಚಿತ್ರಗಳನ್ನು ಹಿಡಿದರೆ, ತೋರಿಸುವಾಗ ಚಲನೆ ನಿಧಾನವಾಗಿ ಆ ನಡುಕ ತಕ್ಕಮಟ್ಟಿಗೆ ಅಡಗುತ್ತದೆ. ಆದರೆ ಫಿಲ್ಮಿನ ಸುರುಳಿ ಬೇಗನೆ ಮುಗಿದುಹೋಗುತ್ತದೆ. ನಡುಹಗಲಿನಲ್ಲಿ ಬಯಲು ಕಾದು ಬಿಸಿಗಾಳಿ ಮೇಲೆದ್ದರೆ ಪುಟ್ಟ ವಿಮಾನ ಎತ್ತಿನ ಗಾಡಿ ಕೊರಕಲಿಗೆ ಬಿದ್ದಂತೆ ಕುಲುಕುತ್ತದೆ. ಆದುದರಿಂದ ಬೆಳಗಿನ ಹೊತ್ತು ಮತ್ತು ಇಳಿಹೊತ್ತು ಮಾತ್ರ ಕೆಲಸಕ್ಕೆ ಒಳ್ಳೆಯವು. ನೆರಳು ಉದ್ದವಾಗಿ ಬಿದ್ದು ಒಂದೊಂದು ಪ್ರಾಣಿಯೂ ಬೇರೆ ಬೇರೆಯಾಗಿ ಕಾಣುವುದೂ ಆಗಲೇ. ತೀರ ಕೆಳಗೆ ಹಾರಿದರೆ ಸದ್ದಿಗೆ ಹಿಂಡು ಚೆದರಿ ಓಡುತ್ತದೆ. ಮೇಲೆ ಹಾರಿದರೆ ಮೃಗಗಳು ಇರುವೆಗಳಾಗುತ್ತವೆ. ಇನ್ನು ಕ್ಯಾಮರಾದ ಕಿಂಡಿಗೆ ಕಣ್ಣಿಟ್ಟವನಿಗೆ ಎದುರಿನ ಮರ ಕಾಣದು. ಮರವನ್ನು ನೋಡಿಕೊಂಡು ವಿಮಾನ ನಡೆಸುವವನು ಚಿತ್ರ ತೆಗೆಯಲಾರ. ಒಬ್ಬ ಹಾರಿಸಬೇಕು, ಮತ್ತೊಬ್ಬ ಅವನನ್ನು ನಂಬಿ ಕುಳಿತಿರಬೇಕು.

1958ರ ಆರಂಭದಲ್ಲಿ ಎಣಿಕೆ ನಡೆಯಿತು. ಬಯಲನ್ನು ರೈತನು ಹೊಲ ಉಳುವಂತೆ ಸಾಲುಸಾಲಾಗಿ ಹಾರಿ, ಎಡಬಲದ ಕಿಟಕಿಗಳಿಂದ ತಲೆಗಳನ್ನು ಎಣಿಸಿದರು. ಒಟ್ಟು ದೊರೆತ ಲೆಕ್ಕ 3,66,980. ಅವುಗಳಲ್ಲಿ ವಿಲ್ಡಬೀಸ್ಟ್ ಎಂಬುವು 99,481. ಎತ್ತಿನ ಕೊಂಬು, ಕುದುರೆಯ ಬಾಲ, ಮೇಕೆಯ ಗಡ್ಡ. ಬ್ರಹ್ಮನು ಉಳಿದ ಸಾಮಗ್ರಿಯಿಂದ ಜೋಡಿಸಿದಂತಿರುವ ಈ ಪ್ರಾಣಿಯೇ ಸೆರೆಂಗೆಟಿಯ ಮುಖ್ಯ ಪ್ರಜೆ. ಹತ್ತು ಲಕ್ಷವೆಂಬ ಊಹೆ ಮೂರನೆಯ ಒಂದು ಪಾಲಿಗೆ ಕುಸಿದುಹೋಯಿತು. (ಕೆಲವೇ ವರ್ಷಗಳ ಮೇಲೆ ಬೇರೆಯವರು ಎಣಿಸಿದಾಗ ವಿಲ್ಡಬೀಸ್ಟುಗಳು ಇದರ ಎರಡರಷ್ಟಕ್ಕೂ ಮೀರಿ ಕಂಡವು. ಗಾಳಿಯಲ್ಲಿ ಓಡುತ್ತ ಓಡುವ ಹಿಂಡನ್ನು ಎಣಿಸಿದವರ ಕೈತಪ್ಪನ್ನು ಮನ್ನಿಸಬಹುದು.)

ಎಣಿಕೆಗಿಂತ ಹೆಚ್ಚಿನದು ಹಿಂಡುಗಳ ದಾರಿ. ಕೆಲವು ಮೃಗಗಳನ್ನು ಹಿಡಿದು, ಮೇಲಿನಿಂದ ಕಾಣುವಂಥ ಬಣ್ಣದ ಪಟ್ಟಿಗಳನ್ನು ಕೊರಳಿಗೆ ತೊಡಿಸಿ ಬಿಟ್ಟರು. ತಿಂಗಳು ತಿಂಗಳೂ ಹಾರಿ ಹಿಂಡುಗಳನ್ನು ನಕ್ಷೆಯಲ್ಲಿ ಗುರುತಿಸಿದರು. ಮಳೆ ಬಿದ್ದಾಗ ಆಗ್ನೇಯದ ಗಿಡ್ಡಹುಲ್ಲಿನ ಬಯಲು, ಬೇಸಗೆ ಬಲಿತಾಗ ಪಶ್ಚಿಮ ಮತ್ತು ಉತ್ತರದ ನೀರು. ಈ ಸುತ್ತಾಟವನ್ನು ನೆಲದ ಮೇಲೆ ನಿಂತವನು ಒಂದು ತುದಿಯಲ್ಲಿ ಮಾತ್ರ ಕಂಡಾನು. ವಿಮಾನದಲ್ಲಿ ಕುಳಿತವರಿಗೆ ಸ್ಪಷ್ಟವಾದುದೇನೆಂದರೆ, ಉದ್ಯಾನದಿಂದ ಕತ್ತರಿಸಿ ಹೊರಗೆ ಹಾಕಬೇಕೆಂದಿದ್ದ ಪೂರ್ವದ ಬಯಲಿಗೇ ಲಕ್ಷ ಲಕ್ಷ ಮೃಗಗಳು ವರ್ಷ ವರ್ಷವೂ ಹೋಗುತ್ತಿದ್ದವು. ಅಧಿಕಾರಿಗಳ ಗೆರೆ ಹಿಂಡಿನ ದಾರಿಗೆ ಅಡ್ಡಲಾಗಿ ಬಿದ್ದಿದ್ದಿತು.

1959ರ ಜನವರಿ 10. ಆ ದಿನ ಮೈಕೇಲ ಒಬ್ಬನೇ ವಿಮಾನವನ್ನು ಹಾರಿಸುತ್ತಿದ್ದನು. ಗಾಳಿಯಲ್ಲಿ ತೇಲುತ್ತಿದ್ದ ಒಂದು ರಣಹದ್ದು ಬಲಗಡೆಯ ರೆಕ್ಕೆಗೆ ಬಡಿಯಿತು. ರೆಕ್ಕೆ ಜಜ್ಜಿ, ವಿಮಾನವನ್ನು ತಿರುಗಿಸುವ ಸಾಧನ ಸಿಕ್ಕಿಕೊಂಡಿತು. ಪಟ್ಟೆಕುದುರೆ ತಲೆಕೆಳಗಾಗಿ ನೆಲಕ್ಕೆರಗಿತು. ರಾಮಾಯಣದ ಜಟಾಯುವಿಗೆ ಆಕಾಶದ ರಥವನ್ನು ತಡೆಯಲು ಕಾರಣವಿದ್ದಿತು. ಈ ಹದ್ದಿಗೆ ಯಾವ ಹಗೆಯೂ ಇರಲಿಲ್ಲ, ತನ್ನ ಎಂದಿನ ದಾರಿಯಲ್ಲಿ ಅದು ಹೋಗುತ್ತಿದ್ದಿತು. ಮೈಕೇಲನಿಗೆ ಇಪ್ಪತ್ತನಾಲ್ಕು ವರ್ಷ ತುಂಬಿ ಒಂಬತ್ತು ತಿಂಗಳಾಗುತ್ತ ಬಂದಿದ್ದಿತು. ಎಂಗೊರೊಂಗೊರೊ ಕುಂಡದ ಅಂಚಿನಲ್ಲಿಯೇ ಅವನನ್ನು ಮಣ್ಣು ಮಾಡಿದರು.

ಮಗನ ಕ್ಯಾಮರಾ ಹಿಡಿದಿದ್ದ ಚಿತ್ರಗಳು ತಂದೆಯ ಕೈಯಲ್ಲಿ ಉಳಿದವು. ಚಿತ್ರ ಪೂರ್ತಿಯಾಗಿರಲಿಲ್ಲ. ಆಲನ್ ರೂಟ್ ಎಂಬ, ಇಪ್ಪತ್ತೆರಡು ವರ್ಷವೂ ತುಂಬದ ಛಾಯಾಗ್ರಾಹಕನೊಬ್ಬನು ಉಳಿದ ಭಾಗವನ್ನು ತೆಗೆಯಲು ನೆರವಾದನು. ಇವನೇ ಮುಂದೆ ಆಫ್ರಿಕಾದ ವನ್ಯಜೀವಿ ಚಿತ್ರಗಳಿಗೆ ಹೆಸರಾದವನು. ಅದೇ ವರ್ಷ 'ಸೆರೆಂಗೆಟಿ ಸಾಯಬಾರದು' ಎಂಬ ಅರ್ಥದ ಹೆಸರಿನಲ್ಲಿ ಪುಸ್ತಕವೂ ಚಿತ್ರವೂ ಹೊರಬಂದವು. 1960ರ ಏಪ್ರಿಲಿನಲ್ಲಿ ಚಿತ್ರಕ್ಕೆ ಅಮೆರಿಕದ ಆಸ್ಕರ್ ಪ್ರಶಸ್ತಿ ದೊರೆಯಿತು.

ಆದರೆ ಗೆರೆಯ ಗತಿಯೇನಾಯಿತು? 1959ರಲ್ಲಿ ಅದನ್ನು ಎಳೆದೇ ಬಿಟ್ಟರು. ಪೂರ್ವದ ಬಯಲೂ ಕುಂಡವೂ ಉದ್ಯಾನದಿಂದ ಹೊರಗಾದವು. ಉತ್ತರದಲ್ಲಿ ಕೀನ್ಯಾದ ಗಡಿಯವರೆಗೆ ಹೊಸ ನೆಲ ಒಳಗೆ ಬಂದಿತು. ಹೊರಗಾದ ಭಾಗವನ್ನು ಮಸಾಯಿ ಜನರೂ ಮೃಗಗಳೂ ಕೂಡಿ ಬಾಳುವ ರಕ್ಷಿತ ಪ್ರದೇಶವಾಗಿ ಉಳಿಸಿದ್ದರಿಂದ, ಹಿಂಡುಗಳ ದಾರಿ ಮುಚ್ಚಿಹೋಗಲಿಲ್ಲ. ಸೆರೆಂಗೆಟಿಯನ್ನು ಬಿಟ್ಟು ಆ ಭಾಗಕ್ಕೆ ತೆರಳಬೇಕಾಗಿ ಬಂದ ಮಸಾಯಿಗಳ ಅಳಲನ್ನು ಮಾತ್ರ ಈ ಚಿತ್ರ ಎತ್ತಿ ಹೇಳಲಿಲ್ಲ. ಅಲ್ಲಿ ಕಾಣುವುದು ಮನುಷ್ಯನಿಲ್ಲದಿದ್ದರೇ ಚೆನ್ನೆನ್ನುವಂಥ ನೆಲ. ಈಚಿನ ವಿದ್ವಾಂಸರು ಇದನ್ನು ಗಟ್ಟಿಯಾಗಿ ಆಕ್ಷೇಪಿಸಿದ್ದಾರೆ, ಆಕ್ಷೇಪ ನ್ಯಾಯವಾದುದು. ಅಷ್ಟು ಮೇಲಿನಿಂದ ನೋಡಿದವರಿಗೆ ದನದ ಹಟ್ಟಿಯೊಂದು ಕಂದುಬಣ್ಣದ ಉಂಗುರ ಮಾತ್ರ. ಒಳಗಿನವರ ಮಾತು ಎಂಜಿನ್ನಿನ ಸದ್ದನ್ನು ದಾಟಿ ಕೇಳಿಸದು.

ವಿಚಿತ್ರವೆಂದರೆ, ವಿಲ್ಡಬೀಸ್ಟುಗಳ ಭಾಗ್ಯ ತೆರೆದುದು ದನಗಳಿಂದ. ದನಗಳಿಂದ ಕಾಡಿಗೆ ಹರಡುತ್ತಿದ್ದ ದೊಡ್ಡರೋಗ ಪ್ರತಿವರ್ಷವೂ ಅವುಗಳ ಕರುಗಳನ್ನು ಕೊಲ್ಲುತ್ತಿದ್ದಿತು. ಸುತ್ತಲಿನ ದನಗಳಿಗೆ ಚುಚ್ಚುಮದ್ದು ಹಾಕಿಸಿದಾಗ, 1960ರ ದಶಕದ ಮೊದಲಲ್ಲಿಯೇ ಕಾಡಿನಲ್ಲಿಯೂ ರೋಗ ನಿಂತಿತು. 1970ರ ದಶಕ ಮುಗಿಯುವ ಹೊತ್ತಿಗೆ ವಿಲ್ಡಬೀಸ್ಟುಗಳೇ ಹದಿಮೂರು ಲಕ್ಷದಷ್ಟಾಗಿದ್ದವು. ಅವನ್ನು ಎಣಿಸಿದವರೂ ಪುಟ್ಟ ವಿಮಾನದಲ್ಲಿ ಕುಳಿತು ನೇರವಾಗಿ ಕೆಳಮುಖವಾಗಿ ಛಾಯಾಚಿತ್ರ ತೆಗೆದು, ಆಮೇಲೆ ಮೇಜಿನ ಮುಂದೆ ಒಂದೊಂದೇ ಚುಕ್ಕಿಯನ್ನು ಲೆಕ್ಕ ಹಾಕಿದರು.

ತಂದೆ ಆಮೇಲೆಯೂ ಮೂರು ದಶಕಗಳ ಹತ್ತಿರ ಬದುಕಿದನು. ಜರ್ಮನಿಯ ಟೆಲಿವಿಷನ್ನಿನಲ್ಲಿ ಪ್ರಾಣಿಗಳನ್ನು ಕುರಿತು ಮಾತನಾಡುತ್ತ, ಅವುಗಳಿಗಾಗಿ ಹಣ ಕೂಡಿಸುತ್ತ ಮನೆಮಾತಾದನು. 1987ರ ಮಾರ್ಚ್ 13ರಂದು ಫ್ರಾಂಕ್‌ಫರ್ಟಿನಲ್ಲಿ ತೀರಿಕೊಂಡನು. ಅವನ ಚಿತಾಭಸ್ಮವನ್ನು ಎಂಗೊರೊಂಗೊರೊ ಕುಂಡದ ಅಂಚಿಗೆ ತಂದು, ಕಲ್ಲುಗಳನ್ನು ಗೋಪುರದಂತೆ ಪೇರಿಸಿರುವ ಆ ಸಮಾಧಿಯಲ್ಲಿ ಮಗನ ಪಕ್ಕದಲ್ಲಿಯೇ ಇಟ್ಟರು.