ಅಜ್ಜನ ಫೋನಿಗೆ ಮೂರು ಸೆಟ್ಟಿಂಗ್

ತಿಪಟೂರು ಮಾರ್ಕೆಟ್ಟಿನ ಉಂಡೆಕೊಬ್ಬರಿ ರೇಟು ಈಗ ವಾಟ್ಸಾಪಿಗೇ ಬರುತ್ತೆ. ಆದ್ರೆ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಎಷ್ಟೋ ಅಜ್ಜಂದಿರು ಅದನ್ನ ಬೇರೆಯವರ ಹತ್ರ ಓದಿಸ್ಕೋಬೇಕು. ಬ್ಯಾಂಕಿನ ಮೆಸೇಜೂ ಹಾಗೇ ಇನ್ನೊಬ್ಬರ ಕಣ್ಣಿಗೆ ಬೀಳುತ್ತೆ. ಈ ರಜೆಗೆ ಊರಿಗೆ ಹೋದಾಗ ನಾವೇ ಸರಿಮಾಡಿ ಕೊಡೋಣ.

ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ತೆರೆದು, ಮೊದಲು ಅಕ್ಷರದ ಗಾತ್ರ ಹೆಚ್ಚಿಸೋಣ. ಎರಡನೇದು 'ಸೆಲೆಕ್ಟ್ ಟು ಸ್ಪೀಕ್': ಧ್ವನಿಯ ಭಾಷೆ ಕನ್ನಡ ಇಟ್ಟರೆ, ಅದರ ಬಟನ್ ಒತ್ತಿ ಮೆಸೇಜ್ ಮುಟ್ಟಿದಾಗ ಫೋನೇ ಓದುತ್ತೆ. ಮೂರನೇದು 'ಟಚ್ ಅಂಡ್ ಹೋಲ್ಡ್ ಡಿಲೇ'. ಕಾಯಿ ಸುಲಿದು ಬಿರುಸಾದ ಬೆರಳು ಪರದೆ ಮೇಲೆ ಸ್ವಲ್ಪ ಹೊತ್ತು ನಿಂತರೂ ಫೋನು ಅದನ್ನ ಒತ್ತಿ ಹಿಡಿದಿದ್ದು ಅನ್ಕೊಳ್ಳುತ್ತೆ. ಸಮಯ ಹೆಚ್ಚಿಸಿದರೆ ಆ ತೊಂದ್ರೆ ಕಮ್ಮಿ.

ಟಾಕ್‌ಬ್ಯಾಕ್ ಮಾತ್ರ ಕೇಳದೆ ಆನ್ ಮಾಡೋದು ಬೇಡ. ಆಗ ಒಮ್ಮೆ ಮುಟ್ಟಿದರೆ ಓದುತ್ತೆ ಅಷ್ಟೇ, ತೆರೆಯೋಕೆ ಎರಡು ಸಲ ತಟ್ಟಬೇಕು. ಕಣ್ಣು ಕಾಣದವರಿಗೆ ಅದು ಆಸರೆ, ಉಳಿದವರಿಗೆ ಗೊಂದಲ.